ಭಜನಾ ಮಂಡಳಿಗೆ ಹಾರ್ಮೋನಿಯಂ ತೆಗೊಳ್ಳುವವರೇ, ಪಾಲಿಶ್ ನೋಡಿ ಮರುಳಾಗಬೇಡಿ: ಗಾಳಿ ನೋಡಿ, ರೀಡ್ ನೋಡಿ

ಪುತ್ತೂರು: ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಲ್ಲಿ ಭಜನೆ ಇಲ್ಲದ ಊರು ಹುಡುಕುವುದು ಕಷ್ಟ. ವಾರದ ಭಜನೆ, ನವರಾತ್ರಿ, ಏಕಾಹ, ನಗರ ಭಜನೆ, ಈಗ ಎಲ್ಲ ಕಡೆ ಮಕ್ಕಳ ಕುಣಿತ ಭಜನೆ ಬೇರೆ. ಇಷ್ಟೆಲ್ಲ ನಡೆಯುವಾಗ ಮಂಡಳಿಯ ಮೀಟಿಂಗ್‌ನಲ್ಲಿ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ: "ಹಳೇ ಹಾರ್ಮೋನಿಯಂ ಇನ್ನು ಆಗ್ಲಿಕ್ಕಿಲ್ಲ ಮಾರಾಯ್ರೆ, ಹೊಸತು ಒಂದು ತೆಗೊಳ್ಳುವ."

ಮುಂದೆ ನಡೆಯುವುದೂ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಒಬ್ಬರು ಮೊಬೈಲ್ ತೆಗೆದು ಆನ್‌ಲೈನ್‌ನಲ್ಲಿ ಹತ್ತು ಸಾವಿರದ ಆಸುಪಾಸಿನದ್ದು ತೋರಿಸುತ್ತಾರೆ. ಕೆಂಪು ಪಾಲಿಶ್, ಹಿತ್ತಾಳೆ ಹಿಡಿಕೆ, ಒಂಬತ್ತು ಗುಬ್ಬಿ, ಜೊತೆಗೆ ಬ್ಯಾಗ್ ಫ್ರೀ. ಇನ್ನೊಬ್ಬರು "ಮಂಗಳೂರಿಗೆ ಹೋಗಿ ನೋಡಿಯೇ ತರುವ" ಅಂತಾರೆ. ನೋಡಿ ತರುವುದು ಒಳ್ಳೆಯದೇ. ಆದರೆ ಎಂತ ನೋಡುವುದು? ಹೋದವರಿಗೆ ಅದು ಗೊತ್ತಿಲ್ಲದಿದ್ದರೆ ಅಂಗಡಿಯಲ್ಲಿ ಸರಿಗಮ ಎರಡು ಸಲ ನುಡಿಸಿ, ಚೆಂದ ಕೇಳ್ತದೆ ಅಂತ ದುಡ್ಡು ಕೊಟ್ಟು ಬರುವುದೇ ಸೈ.

ಈ ದುಡ್ಡು ಒಬ್ಬರ ಕಿಸೆಯದ್ದಲ್ಲ ಎನ್ನುವುದೇ ಇಲ್ಲಿನ ವಿಷಯ. ನಗರ ಭಜನೆಯಲ್ಲಿ ಮನೆ ಮನೆ, ಅಂಗಡಿ ಅಂಗಡಿ ತಿರುಗಿ ಹರಿವಾಣಕ್ಕೆ ಬಿದ್ದ ಹತ್ತು, ಇಪ್ಪತ್ತು, ನೂರು ಸೇರಿ ಆದ ದುಡ್ಡು. ಅದರಲ್ಲಿ ತಂದ ಹಾರ್ಮೋನಿಯಂ ಮೊದಲ ಮಳೆಗಾಲಕ್ಕೇ ಕೀ ಅಂಟಿಸಿಕೊಂಡು ಕೂತರೆ ಪುನಃ ರಶೀದಿ ಪುಸ್ತಕ ಹಿಡಿದು ಹೋಗಲು ಯಾರಿಗೂ ಮುಖ ಇರುವುದಿಲ್ಲ. ಹಾಗಾಗಿ ಕಮ್ಮಿ ಬಜೆಟ್‌ನಲ್ಲಿ ಒಂದು ಹಾರ್ಮೋನಿಯಂ ಒಳ್ಳೆಯದಾ ಅಲ್ಲವಾ ಎಂದು ಸಂಗೀತ ಗೊತ್ತಿಲ್ಲದವರೂ ಪರೀಕ್ಷೆ ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇವೆ.

ಪೆಟ್ಟಿಗೆ ಒಳಗೆ ಎಂತ ಉಂಟು?

ಇದು ಸರಿಯಾಗಿ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಹಾರ್ಮೋನಿಯಂ ಅಂದರೆ ಕಮ್ಮಾರನ ಕುಲುಮೆಯ ತಿದಿಗೆ ಮೌತ್ ಆರ್ಗನ್ ಜೋಡಿಸಿದ ಹಾಗೆ. ಹಿಂದೆ ಕೈಯಿಂದ ಒತ್ತುವ ಹೊರ ತಿದಿ ಗಾಳಿಯನ್ನು ಒಳಗೆ ತಳ್ಳುತ್ತದೆ. ಪೆಟ್ಟಿಗೆಯ ಹೊಟ್ಟೆಯಲ್ಲಿ ಸ್ಪ್ರಿಂಗ್ ಇರುವ ಇನ್ನೊಂದು ತಿದಿ ಉಂಟು, ಅದು ಈ ಗಾಳಿಯನ್ನು ತುಂಬಿಸಿಕೊಂಡು ಒಂದೇ ಒತ್ತಡದಲ್ಲಿ ಮೇಲೆ ಕಳಿಸುತ್ತದೆ. ನಾವು ಕೀ ಒತ್ತಿದಾಗ ಒಂದು ತೂತು ತೆರೆಯುತ್ತದೆ. ಗಾಳಿ ಆ ತೂತಿನಿಂದ ಹೊರಗೆ ಹೋಗುವಾಗ ದಾರಿಯಲ್ಲಿರುವ ಹಿತ್ತಾಳೆಯ ತೆಳು ನಾಲಗೆ ನಡುಗುತ್ತದೆ. ಅದೇ ಸ್ವರ. ಆ ನಾಲಗೆಗೇ ರೀಡ್ ಎನ್ನುವುದು.

ಒಂದು ಕೀಗೆ ಒಂದೇ ರೀಡ್ ಅಲ್ಲ. ಎರಡು ಲೈನ್‌ನ ಪೆಟ್ಟಿಗೆಯಲ್ಲಿ ಪ್ರತಿ ಕೀಗೆ ಎರಡು ರೀಡ್, ಒಂದು ದಪ್ಪ ದನಿಯ ಖರ್ಜ, ಇನ್ನೊಂದು ಅದಕ್ಕಿಂತ ಒಂದು ಸಪ್ತಕ ಮೇಲಿನ ನರ. 42 ಕೀ ಇದ್ದರೆ 84 ರೀಡ್ ಆಯಿತು. ಮೂರು ಲೈನ್ ಅಂದರೆ 126. ಇಷ್ಟೂ ಒಂದೊಂದಾಗಿ ಕೈಯಲ್ಲಿ ಕೆರೆದು ಶ್ರುತಿ ಮಾಡಿದ್ದು. ಹಾರ್ಮೋನಿಯಂನ ಬೆಲೆ ನಿಜವಾಗಿ ಇರುವುದು ಈ ಕೆಲಸದಲ್ಲಿ, ಪಾಲಿಶ್‌ನಲ್ಲಿ ಅಲ್ಲ. ಅಗ್ಗದ ಪೆಟ್ಟಿಗೆಯಲ್ಲಿ ಮೊದಲು ಉಳಿಸುವುದೂ ಈ ಕೆಲಸವನ್ನೇ, ಯಾಕೆಂದರೆ ಅದು ಹೊರಗಿನಿಂದ ಕಾಣುವುದಿಲ್ಲ.

ಯುರೋಪಿನಿಂದ ಬಂದ ಈ ವಾದ್ಯ ಮೊದಲು ಕಾಲಲ್ಲಿ ಗಾಳಿ ತುಳಿಯುವ ದೊಡ್ಡ ಮೇಜಿನ ಹಾಗಿತ್ತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲದಲ್ಲಿ ಕೂತು ಒಂದು ಕೈಯಲ್ಲಿ ಗಾಳಿ, ಇನ್ನೊಂದು ಕೈಯಲ್ಲಿ ಸ್ವರ ಎನ್ನುವ ಹಾಗೆ ಮಾಡಿದರು. ಹಾಗಾಗಿಯೇ ಅದು ಭಜನೆಯ ಚಾಪೆ ಮೇಲೆ ಬಂದು ಕೂತದ್ದು.

ಮೊದಲ ಪರೀಕ್ಷೆ ಗಾಳಿಯದ್ದು, ಇದಕ್ಕೆ ಸಂಗೀತ ಬರಬೇಕೆಂದೇ ಇಲ್ಲ

ಅಂಗಡಿಯಲ್ಲಿ ಪೆಟ್ಟಿಗೆ ಎದುರಿಗೆ ಇಟ್ಟ ಕೂಡಲೇ ನುಡಿಸಲು ಹೋಗಬೇಡಿ. ಎದುರು ಭಾಗದಲ್ಲಿ ಎಳೆಯುವ ಗುಬ್ಬಿಗಳಿರುತ್ತವೆ, ಸ್ಟಾಪರ್ ಅಂತಾರೆ. ಎಲ್ಲವನ್ನೂ ಒಳಗೆ ದೂಡಿ ಬಂದ್ ಮಾಡಿ. ಈಗ ಮೆಲ್ಲನೆ ಐದಾರು ಸಲ ತಿದಿ ಒತ್ತಿ. ಒಳ ತಿದಿ ತುಂಬಿದ ಕೂಡಲೇ ಕೈಗೆ ಗೊತ್ತಾಗುತ್ತದೆ, ಗಾಳಿ ತುಂಬಿದ ಫುಟ್‌ಬಾಲ್ ಒತ್ತಿದ ಹಾಗೆ ತಿದಿ ಗಟ್ಟಿಯಾಗುತ್ತದೆ. ಹಾಗೇ ಸಣ್ಣಕ್ಕೆ ಒತ್ತಿ ಹಿಡಿಯಿರಿ. ಒಳ್ಳೆಯ ಪೆಟ್ಟಿಗೆ ಕೈಗೆ ಎದುರು ನಿಲ್ಲುತ್ತದೆ, ಇಳಿದರೂ ತುಂಬ ನಿಧಾನಕ್ಕೆ ಇಳಿಯುತ್ತದೆ. ಅಷ್ಟೇನೂ ಒತ್ತದೆ ಫುಸ್ಸೆಂದು ಕೂತುಬಿಟ್ಟರೆ ತಿದಿಯಲ್ಲೋ ಒಳಗಿನ ಜೋಡಣೆಯಲ್ಲೋ ಸೋರಿಕೆ ಉಂಟು ಅಂತ ಅರ್ಥ. ಜೋರು ಮಾಡಿ ಒತ್ತಬೇಡಿ, ಒಳ್ಳೆಯದನ್ನೂ ಹಾಳು ಮಾಡಿದ ಹಾಗಾಗುತ್ತದೆ.

ಈಗ ಸ್ಟಾಪರ್ ಎಲ್ಲ ಎಳೆಯಿರಿ, ಆದರೆ ಯಾವ ಕೀಯನ್ನೂ ಮುಟ್ಟಬೇಡಿ. ಪುನಃ ಅದೇ ಹಾಗೆ ಒತ್ತಿ ಹಿಡಿಯಿರಿ. ಬಂದ್ ಇದ್ದಾಗ ಗಟ್ಟಿ ನಿಂತದ್ದು ಈಗ ಬೇಗ ಇಳಿದರೆ ತಪ್ಪು ತಿದಿಯದ್ದಲ್ಲ, ಕೀಗಳ ಅಡಿಯ ಮುಚ್ಚಳ ಸರಿಯಾಗಿ ಕೂತಿಲ್ಲ. ಕೀ ಮುಟ್ಟದೆ ಎಲ್ಲಿಂದಲೋ 'ಊಂ' ಅಂತ ಸಣ್ಣಗೆ ಸ್ವರ ಬಂದರೂ ಅದೇ ಕತೆ. ಆದರೆ ಇಲ್ಲೊಂದು ಎಚ್ಚರ ಬೇಕು. ಕೆಲವು ಸ್ಟಾಪರ್ ಶ್ರುತಿ ಹಿಡಿಯಲಿಕ್ಕೇ ಇರುವುದು, ಅದನ್ನು ಎಳೆದರೆ ಕೀ ಒತ್ತದೆಯೂ ಒಂದು ಸ್ವರ ಎಡೆಬಿಡದೆ ಬರಬೇಕಾದ್ದೇ. ಅದನ್ನು ಲೀಕ್ ಅಂತ ತಿಳಿದು ಅಂಗಡಿಯವರ ಹತ್ತಿರ ಜಗಳ ಮಾಡಬೇಡಿ. ಯಾವ ಗುಬ್ಬಿ ಯಾವುದಕ್ಕೆ ಅಂತ ಒಂದೊಂದೇ ಎಳೆದು ತೋರಿಸಲು ಹೇಳಿ. ಅಗ್ಗದ ಪೆಟ್ಟಿಗೆಗಳಲ್ಲಿ ಕೆಲವು ಗುಬ್ಬಿ ಬರೀ ಚೆಂದಕ್ಕೆ ಇಟ್ಟದ್ದೂ ಇರುತ್ತದೆ, ಎಳೆದರೂ ಏನೂ ಆಗುವುದಿಲ್ಲ. ಒಂಬತ್ತು ಗುಬ್ಬಿ ಉಂಟು ಅಂತ ಖುಷಿ ಪಡುವ ಮೊದಲು ಅದರಲ್ಲಿ ಎಷ್ಟು ಕೆಲಸ ಮಾಡುತ್ತವೆ ಅಂತ ಎಣಿಸಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟದ ಪರೀಕ್ಷೆ. ಗಾಳಿ ಪೂರ್ತಿ ತುಂಬಿಸಿ, ತಿದಿಯಿಂದ ಕೈ ತೆಗೆದು, ಮಧ್ಯದ ಒಂದು ಕೀ ಒತ್ತಿ ಹಿಡಿದು ಮನಸ್ಸಲ್ಲೇ ಎಣಿಸಿ. ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಹತ್ತು ಎಣಿಸುವ ಮೊದಲೇ ಸತ್ತರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಪಕ್ಕದಲ್ಲಿ ಇನ್ನೊಂದು ಪೀಸ್ ಇದ್ದರೆ ಅದರಲ್ಲೂ ಅದೇ ಕೀ, ಅಷ್ಟೇ ಸ್ಟಾಪರ್ ತೆರೆದು ಎಣಿಸಿ. ಒಂದೇ ಕಂಪೆನಿ, ಒಂದೇ ರೇಟಿನ ಎರಡು ಪೆಟ್ಟಿಗೆಯಲ್ಲಿ ಎಷ್ಟು ವ್ಯತ್ಯಾಸ ಬರಬಹುದು ಎಂದು ಆಗ ಗೊತ್ತಾಗುತ್ತದೆ. ಕೈಯಲ್ಲಿ ಮಾಡಿದ ವಸ್ತು ಅಲ್ವಾ.

ಗಾಳಿಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಅಂದರೆ, ಏಕಾಹದಲ್ಲಿ ಒಬ್ಬರು ಗಂಟೆಗಟ್ಟಲೆ ಕೂತು ನುಡಿಸಬೇಕು. ಸೋರುವ ಪೆಟ್ಟಿಗೆಯಲ್ಲಿ ಅರ್ಧ ಗಂಟೆಗೆ ಎಡಗೈ ಭುಜ ಹಿಡಿಯುತ್ತದೆ. ಬಡ ಬಡ ಒತ್ತಿದಷ್ಟೂ ಸ್ವರ ಏರಿಳಿಯುತ್ತದೆ, ಹಾಡುವವರ ಶ್ರುತಿಯೂ ಅದರ ಹಿಂದೆ ಹೋಗುತ್ತದೆ. ಕೊನೆಗೆ ನುಡಿಸುವವರಿಗೇ ಬೈಗುಳ.

ಸೋರಿಕೆ ಎಲ್ಲಿ ಅಂತ ತಿಳಿಯಲು ಅಂಗೈ ಹಿಂಭಾಗ ಸ್ವಲ್ಪ ಒದ್ದೆ ಮಾಡಿ ತಿದಿಯ ಮಡಿಕೆಗಳ ಮೂಲೆ ಹತ್ತಿರ ಹಿಡಿದು, ಇನ್ನೊಬ್ಬರಿಗೆ ಒತ್ತಲು ಹೇಳಿ. ತಣ್ಣಗೆ ಗಾಳಿ ತಾಗುತ್ತದೆ. ಮಡಿಕೆಯ ಮೂಲೆಗಳಲ್ಲಿ ಮೆತ್ತಗಿನ ಚರ್ಮ ಅಂಟಿಸಿರಬೇಕು. ಬರೀ ಕಾಗದ, ರೆಕ್ಸಿನ್ ಇದ್ದರೆ ಮೊದಲು ಬಿರಿಯುವುದು ಅಲ್ಲಿಯೇ.

ರೀಡ್ ಪರೀಕ್ಷೆ: ಕಿವಿ ಸಾಕು, ಮೊಬೈಲ್ ಇದ್ದರೆ ಇನ್ನೂ ಒಳ್ಳೆಯದು

ಎಡದ ಮೊದಲ ಕೀಯಿಂದ ಬಲದ ಕೊನೆಯ ಕೀ ತನಕ, ಕಪ್ಪು ಬಿಳಿ ಒಂದನ್ನೂ ಬಿಡದೆ, ಒಂದೊಂದೇ ಒತ್ತಿ. ಅವಸರ ಬೇಡ, ಐದು ನಿಮಿಷದ ಕೆಲಸ. ಅಂಗಡಿಯವರು ತಾವೇ ಒಂದು ಹಾಡು ಚಕಚಕ ನುಡಿಸಿ ತೋರಿಸಿದರೆ ಕೇಳಿ ಸಂತೋಷಪಡಿ, ಆದರೆ ಅದನ್ನು ಪರೀಕ್ಷೆ ಅಂತ ಲೆಕ್ಕ ಹಿಡಿಯಬೇಡಿ. ಬೆರಳು ಓಡುವಾಗ ಕೆಟ್ಟ ರೀಡ್ ಅಡಗಿ ಹೋಗುತ್ತದೆ.

ಕೇಳಬೇಕಾದ್ದು ಮೂರು. ಸ್ವರ ಕೀ ಒತ್ತಿದ ಕೂಡಲೇ ಬರುತ್ತದಾ, ಅಥವಾ ಗಾಳಿ ಸ್ವಲ್ಪ ಹೋದ ಮೇಲೆ ಏಳುತ್ತದಾ? ಎಲ್ಲ ಸ್ವರ ಒಂದೇ ಮಟ್ಟದಲ್ಲಿ ಕೇಳುತ್ತದಾ, ಒಂದು ಕಿರುಚಿ ಪಕ್ಕದ್ದು ಗುಸುಗುಸು ಅನ್ನುತ್ತದಾ? ರೀಡ್ ಬದಿಗೆ ತಾಗಿ 'ಝರ್ರ್' ಅಂತ ಕರ್ಕಶ ಬರುತ್ತದಾ? ಇದನ್ನು ತುಂಬ ಮೆಲ್ಲಗೆ ಗಾಳಿ ಕೊಟ್ಟು ನೋಡಬೇಕು. ಜೋರು ಗಾಳಿಗೆ ಎಂತಹ ರೀಡೂ ಕೂಗುತ್ತದೆ. ಸಣ್ಣ ಗಾಳಿಗೆ ಏಳುವುದು ಒಳ್ಳೆಯ ರೀಡ್.

ಆಮೇಲೆ ಷಡ್ಜ ಮತ್ತು ಮೇಲಿನ ಷಡ್ಜ ಎರಡನ್ನೂ ಒಟ್ಟಿಗೆ ಒತ್ತಿ. ಎರಡೂ ಕೂಡಿ ಒಂದೇ ಸ್ವರದ ಹಾಗೆ ನಿಂತರೆ ಶ್ರುತಿ ಸರಿ. 'ವಾಂ ವಾಂ ವಾಂ' ಅಂತ ಅಲೆ ಅಲೆಯಾಗಿ ತೇಲಿದರೆ ಎರಡರಲ್ಲಿ ಒಂದು ತಪ್ಪಿದೆ. ಇದಕ್ಕೆ ರಾಗಜ್ಞಾನ ಬೇಡ, ಬಸ್ಸಿನ ಕಿಟಕಿ ಗಾಜು ನಡುಗುವುದು ಕೇಳಿಸುವ ಕಿವಿ ಸಾಕು. ಖರ್ಜ ನರ ಎರಡೂ ಲೈನ್ ತೆರೆದು ಒಂದೇ ಕೀ ಒತ್ತಿದಾಗಲೂ ಹೀಗೇ ಕೇಳಿ.

ಮೊಬೈಲ್‌ನಲ್ಲಿ ಟ್ಯೂನರ್ ಆ್ಯಪ್ ಪುಕ್ಕಟೆ ಸಿಗುತ್ತದೆ, ಹೋಗುವ ಮೊದಲೇ ಹಾಕಿಕೊಂಡು ಹೋಗಿ. ಒಂದೇ ಲೈನ್ ತೆರೆದು, ಒಂದೇ ಸಮ ಗಾಳಿ ಕೊಟ್ಟು ಬಿಳಿ 6 ಒತ್ತಿದರೆ ಆ್ಯಪ್ 'ಎ' ಎಂದು ತೋರಿಸಬೇಕು, ಪಕ್ಕದಲ್ಲಿ 440 ಅಥವಾ ಅದರ ಅರ್ಧ 220, ಅಥವಾ ಎರಡು ಪಾಲು 880ರ ಹತ್ತಿರದ ಸಂಖ್ಯೆ. ಮುಳ್ಳು ಎಷ್ಟು ಆಚೀಚೆ ಹೋಗಿದೆ ಅಂತ ಸೆಂಟ್ ಲೆಕ್ಕದಲ್ಲಿ ಬರುತ್ತದೆ. ಒಂದು ಕೀಗೂ ಪಕ್ಕದ ಕೀಗೂ 100 ಸೆಂಟ್ ಅಂತರ. ನಾಲ್ಕೈದು ಸೆಂಟ್ ತಪ್ಪಿದರೆ ಕಮ್ಮಿ ಬೆಲೆಯದ್ದಕ್ಕೆ ಸಾರ ಇಲ್ಲ ಅನ್ನಬಹುದು. ಹತ್ತು ದಾಟಿದ ಕೀಗಳು ಅಲ್ಲಲ್ಲಿ ಇದ್ದರೆ ಬೇಡ. ಎಲ್ಲ ಕೀಗಳೂ ಒಂದೇ ಸಮ ಏಳೆಂಟು ಸೆಂಟ್ ಮೇಲೆ ಇದ್ದರೆ ಅದು ಬೇರೆ ವಿಷಯ, ಇಡೀ ಪೆಟ್ಟಿಗೆಯನ್ನು ಸ್ವಲ್ಪ ಏರಿಸಿ ಶ್ರುತಿ ಮಾಡಿದ್ದಾರೆ ಅಂತ ಅಷ್ಟೇ. ಬರೀ ಹಾಡು, ತಾಳ, ತಬಲಾಕ್ಕೆ ಅದು ತೊಂದರೆ ಕೊಡುವುದಿಲ್ಲ. ಜೊತೆಗೆ ಕೀಬೋರ್ಡ್, ಕೊಳಲು, ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇಡುವ ಮಂಡಳಿಯವರು ಮಾತ್ರ ನೋಡಿಕೊಳ್ಳಬೇಕು.

ಇನ್ನು ಜಾಹೀರಾತಿನ ಮಾತು. ಗುಜರಾತಿನ ಪಾಲಿತಾಣ ರೀಡಿಗೆ ಹೆಸರಾದ ಊರು, ಅದು ನಿಜ. 'ಜರ್ಮನ್ ರೀಡ್' ಅನ್ನುವ ಹೆಸರಿಗೂ ಬೆಲೆ ಉಂಟು. ಹಾಗಂತ ಚೀಟಿಯಲ್ಲಿ ಬರೆದದ್ದೆಲ್ಲ ಒಳಗೆ ಇರುತ್ತದೆ ಅಂತ ಏನಿಲ್ಲ. ಸಾಧ್ಯ ಇದ್ದರೆ ರೀಡ್ ಇರುವ ಹಲಗೆ ಎತ್ತಿ ತೋರಿಸಲು ಕೇಳಿ. ಒಳ್ಳೆಯ ಮಾಲು ಇಟ್ಟವರು ತೋರಿಸಲು ಹಿಂಜರಿಯುವುದಿಲ್ಲ. ಸಾಲಾಗಿ ಹಿತ್ತಾಳೆ ಪಟ್ಟಿಗಳು, ಪ್ರತಿಯೊಂದೂ ಸ್ಕ್ರೂನಲ್ಲಿ ಗಟ್ಟಿ ಕೂತಿರಬೇಕು. ಅಂಟಿನಲ್ಲಿ ಕೂರಿಸಿದ್ದು, ಮೊಳೆ ಹೊಡೆದದ್ದು, ಹಸಿರು ಕಿಲುಬು ಹಿಡಿದದ್ದು ಕಂಡರೆ ಮುಚ್ಚಿ ಎದ್ದು ಬನ್ನಿ.

ಕೀ ಮತ್ತು ನಮ್ಮ ಮಳೆ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ, ಮರದ ಕೀ ಸುಮ್ಮನಿರುತ್ತದಾ? ತೇವ ಕುಡಿದು ಉಬ್ಬುತ್ತದೆ. ಕೀ ಕೀ ನಡುವೆ ಎಡೆ ತೀರಾ ಕಮ್ಮಿ ಇಟ್ಟಿದ್ದರೆ ಒತ್ತಿದ್ದು ಮೇಲೆ ಬರುವುದಿಲ್ಲ, ಭಜನೆ ಮುಗಿಯುವ ತನಕ ಒಂದೇ ಸ್ವರ ಕೂಗುತ್ತಾ ಇರುತ್ತದೆ. ದೆಹಲಿ ಕಡೆಯ ಒಣ ಹವೆಯಲ್ಲಿ ಬೇಸಿಗೆಗೆ ಜೋಡಿಸಿದ ಪೆಟ್ಟಿಗೆ ಕೊರಿಯರ್‌ನಲ್ಲಿ ಸೀದಾ ಸುಬ್ರಹ್ಮಣ್ಯದ ಮಳೆಗೆ ಬಂದು ಇಳಿದರೆ ಹೀಗಾಗುವುದರಲ್ಲಿ ಆಶ್ಚರ್ಯ ಏನಿಲ್ಲ.

ಆದ್ದರಿಂದ ಪ್ರತಿ ಕೀ ಮಧ್ಯೆ ಒಂದು ದಪ್ಪ ಕಾಗದ ಸಲೀಸಾಗಿ ಹೋಗುವಷ್ಟು ಎಡೆ ಉಂಟಾ ನೋಡಿ. ಹಾಗಂತ ಹಲ್ಲು ಅಲ್ಲಾಡಿದ ಹಾಗೆ ಆಚೀಚೆ ಕುಲುಕಬಾರದು. ಎಲ್ಲ ಕೀ ಒಂದೇ ಎತ್ತರ ಇರಬೇಕು, ಬಿಟ್ಟ ಕೂಡಲೇ ಮೇಲೆ ಬರಬೇಕು, ಟಕಟಕ ಸದ್ದು ಮಾಡಬಾರದು. ಒಂದು ಒತ್ತುವಾಗ ಪಕ್ಕದ್ದು ಜೊತೆಗೆ ಇಳಿಯಬಾರದು.

ನನ್ನ ಅಭಿಪ್ರಾಯ ಕೇಳಿದರೆ ಹಾರ್ಮೋನಿಯಂ ಖರೀದಿಗೆ ನಮ್ಮ ಊರಲ್ಲಿ ಒಳ್ಳೆಯ ಸಮಯ ಜುಲೈ, ಆಗಸ್ಟ್. ನಮ್ಮದೇ ಕರಾವಳಿಯ ಅಂಗಡಿಯಲ್ಲಿ ಒಂದೆರಡು ತಿಂಗಳು ಮಳೆಗಾಲ ಕಳೆದ ಪೆಟ್ಟಿಗೆ ಆಗ ಎಷ್ಟು ಉಬ್ಬಬೇಕೋ ಅಷ್ಟು ಉಬ್ಬಿರುತ್ತದೆ. ಆಗ ಸಲೀಸಾಗಿ ಆಡುವ ಕೀ ಮತ್ತೆ ಅಂಟುವ ಸಾಧ್ಯತೆ ಕಮ್ಮಿ. ಎಲ್ಲರೂ ತೆಗೊಳ್ಳುವುದು ನವರಾತ್ರಿ ಎದುರು ಬಂದಾಗ, ಗಡಿಬಿಡಿಯಲ್ಲಿ.

ಮರದ ವಿಷಯದಲ್ಲಿ ತೇಗ ಒಳ್ಳೆಯದು, ಆದರೆ ಭಾರ, ಬೆಲೆಯೂ ಹಾಗೇ. ಕಮ್ಮಿ ಬೆಲೆಯದ್ದು ಪೈನ್, ದೇವದಾರು, ಪ್ಲೈವುಡ್ ಇರಬಹುದು. ಮನೆ ಕಟ್ಟಿದವರು, ಬಾಗಿಲು ಮಾಡಿಸಿದವರು ನಮ್ಮಲ್ಲಿ ಮರ ಗುರುತಿಸದವರಾ? ಅಡಿಭಾಗ ತಿರುಗಿಸಿ ನೋಡಿ, ಅಲ್ಲಿ ಪಾಲಿಶ್ ಕಮ್ಮಿ, ಮರ ಕಾಣುತ್ತದೆ. ಮೇಲೆ ಸನ್‌ಮೈಕಾ ಹಚ್ಚಿದ್ದರೆ ಒಳಗೆ ಎಂತ ಉಂಟು ಅಂತ ಸಂಶಯ ಪಡುವುದರಲ್ಲಿ ತಪ್ಪಿಲ್ಲ. ಮಂಡಳಿಯಲ್ಲಿ ಒಬ್ಬರು ಬಡಗಿ ಇದ್ದರೆ ಅವರನ್ನೂ ಕರಕೊಂಡು ಹೋಗಿ. ಹಾಡುವವರಿಗಿಂತ ಅವರ ಕಣ್ಣು ಇಲ್ಲಿ ಹೆಚ್ಚು ಉಪಯೋಗ.

ಕಮ್ಮಿ ದುಡ್ಡಿಗೆ ಹೆಚ್ಚು ಸೌಕರ್ಯ ಬೇಡ

ಮಂಡಳಿಯವರು ಹೆಚ್ಚಾಗಿ ಜಾರುವುದು ಇಲ್ಲಿ. ಒಂದೇ ರೇಟಿಗೆ ಎರಡು ಪೆಟ್ಟಿಗೆ ಎದುರಿಗೆ ಇಡುತ್ತಾರೆ ಅಂತ ಇಟ್ಟುಕೊಳ್ಳಿ. ಒಂದು ಸಾದಾ, ಎರಡು ಲೈನ್. ಇನ್ನೊಂದರಲ್ಲಿ ಸ್ಕೇಲ್ ಚೇಂಜರ್ ಉಂಟು, ಕಪ್ಲರ್ ಉಂಟು, ಮೂರು ಲೈನ್ ಉಂಟು. ಸಹಜವಾಗಿ ಕೈ ಎರಡನೆಯದಕ್ಕೆ ಹೋಗುತ್ತದೆ.

ಸ್ಕೇಲ್ ಚೇಂಜರ್ ಅಂದರೆ ಕೀಗಳ ಇಡೀ ಸಾಲನ್ನೇ ರೀಡ್‌ಗಳ ಮೇಲೆ ಆಚೀಚೆ ಸರಿಸುವ ವ್ಯವಸ್ಥೆ. ನುಡಿಸುವವರು ಒಂದೇ ಜಾಗದಲ್ಲಿ ಬೆರಳಿಟ್ಟು ಕಪ್ಪು 1ಕ್ಕೂ ನುಡಿಸಬಹುದು, ಕಪ್ಪು 4ಕ್ಕೂ ನುಡಿಸಬಹುದು. ಅನುಕೂಲವೇ. ಆದರೆ ಸರಿಯುವ ಭಾಗ ಇದ್ದಲ್ಲಿ ಸವೆತ ಇರುತ್ತದೆ, ಎಡೆ ಬೀಳುತ್ತದೆ, ಎಡೆ ಬಿದ್ದಲ್ಲಿ ಗಾಳಿ ಹೋಗುತ್ತದೆ. ಅದನ್ನು ನಾಜೂಕಾಗಿ ಮಾಡಲು ಖರ್ಚು ಉಂಟು. ಸಾದಾ ಪೆಟ್ಟಿಗೆಯ ರೇಟಿಗೇ ಅದನ್ನೂ ಕೊಡುತ್ತಾರೆ ಅಂದರೆ ಬೇರೆಲ್ಲೋ ಉಳಿಸಿದ್ದಾರೆ, ಎಲ್ಲಿ ಅಂತ ಮೇಲೆ ಹೇಳಿ ಆಗಿದೆ.

ಕಪ್ಲರ್ ಇದ್ದರೆ ಒಂದು ಕೀ ಒತ್ತಿದಾಗ ಇನ್ನೊಂದು ಸಪ್ತಕದ ಅದೇ ಕೀ ತನ್ನಿಂದ ತಾನೇ ಇಳಿಯುತ್ತದೆ. ದನಿ ತುಂಬಿ ಬರುತ್ತದೆ, ಮೈಕ್ ಇಲ್ಲದ ಕಾಲಕ್ಕೆ ಬಹಳ ಉಪಕಾರ. ಈಗ ಪ್ರತಿ ಮಂದಿರದಲ್ಲೂ ಮೈಕ್ ಉಂಟು. ಒಳಗಿನ ಆ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಬಿಡಿಸುವುದು ಗೋಳು. ಬೇಡ.

ಗಂಡಸರು, ಹೆಂಗಸರು, ಮಕ್ಕಳು ಬೇರೆ ಬೇರೆ ಶ್ರುತಿಯಲ್ಲಿ ಹಾಡುವಾಗ ಎಂತ ಮಾಡುವುದು ಅಂತ ಕೇಳಬಹುದು. ಮಂಡಳಿಯಲ್ಲಿ ಒಬ್ಬರು ಹುಡುಗನೋ ಹುಡುಗಿಯೋ ಎರಡು ಮೂರು ಶ್ರುತಿಯಲ್ಲಿ ನುಡಿಸಲು ಕಲಿತರೆ ಆಯಿತು. ಪೆಟ್ಟಿಗೆಗೆ ಹಾಕುವ ಹೆಚ್ಚಿನ ದುಡ್ಡನ್ನು ಆ ಮಗುವಿನ ಕ್ಲಾಸಿನ ಫೀಸಿಗೆ ಕೊಟ್ಟರೆ ಮಂಡಳಿಗೆ ಅದರಿಂದ ಹೆಚ್ಚು ಲಾಭ ಅಂತ ನನ್ನ ಲೆಕ್ಕ.

ಕೀ ಎಷ್ಟು ಬೇಕು? 37 ಇದ್ದರೆ ಭಜನೆಗೆ ಧಾರಾಳ, 42 ಸಿಕ್ಕಿದರೆ ಇರಲಿ. ಮೂರನೇ ಲೈನ್ ಇಲ್ಲದಿದ್ದರೆ ನಷ್ಟ ಏನಿಲ್ಲ.

ಇಲ್ಲಿ ಹಾರ್ಮೋನಿಯಂನ ಮೇಲಿರುವ ಹಳೇ ತಕರಾರು ಒಂದನ್ನು ಹೇಳಿಬಿಡಬೇಕು. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಇದರಲ್ಲಿ ಬರುವುದಿಲ್ಲ, ಸ್ವರಗಳೂ ನಮ್ಮ ಸಂಗೀತದ ಸೂಕ್ಷ್ಮಕ್ಕೆ ಸರಿ ಹೊಂದುವುದಿಲ್ಲ ಅಂತ 1940ರಲ್ಲಿ ಆಕಾಶವಾಣಿ ಇದನ್ನು ನಿಷೇಧಿಸಿತ್ತು. ನಿಷೇಧ ಸಡಿಲಾದದ್ದು 1971ರಲ್ಲಿ. ಅದೇ ವಾದ್ಯವನ್ನು ಹಿಡಿದು ಬೆಳಗಾವಿಯ ರಾಮಭಾವು ಬಿಜಾಪುರೆ ದೊಡ್ಡ ವಿದ್ವಾಂಸರಾಗಿ ಹೆಸರು ಮಾಡಿದರು. ಅಂದರೆ ಎಷ್ಟು ದುಬಾರಿ ತಂದರೂ ಕೆಲವು ಕೆಲಸ ಈ ಪೆಟ್ಟಿಗೆ ಮಾಡುವುದಿಲ್ಲ, ಅದು ನಿಮ್ಮ ಪೀಸಿನ ದೋಷ ಅಲ್ಲ. ಬೇರೆ ಪೀಸ್ ಕೊಡಿ ಅಂತ ಗಲಾಟೆ ಮಾಡುವುದು ಲೀಕ್‌ಗೆ, ಶ್ರುತಿಗೆ ಇರಲಿ.

ಆನ್‌ಲೈನ್ ಆದರೆ

ಆನ್‌ಲೈನ್‌ನಲ್ಲಿ ತರಿಸಲೇಬಾರದು ಅಂತ ನಾನು ಹೇಳುವುದಿಲ್ಲ. ಕಡಬದ ಒಳಗಿನ ಹಳ್ಳಿಯಿಂದ ಮಂಗಳೂರಿಗೆ ಹೋಗಿ ಬರುವ ಒಂದು ದಿನದ ಖರ್ಚೂ ಲೆಕ್ಕವೇ. ಆದರೆ ವಾಪಸ್ ಕೊಡುವ ಅವಕಾಶ ಎಷ್ಟು ದಿನ ಅಂತ ಓದದೆ ಒತ್ತಬೇಡಿ. ಬಾಕ್ಸ್ ಬಿಚ್ಚುವಾಗ ಮೊದಲಿನಿಂದ ಕೊನೆ ತನಕ ವಿಡಿಯೋ ಮಾಡಿ. ಬಂದ ದಿನವೇ ಮೇಲಿನ ಪರೀಕ್ಷೆ ಎಲ್ಲ ಮಾಡಿ ಮುಗಿಸಿ. "ಮುಂದಿನ ಶನಿವಾರ ಭಜನೆಗೆ ಬಿಚ್ಚಿ ಪೂಜೆ ಮಾಡಿ ಶುರು ಮಾಡುವ" ಅಂತ ಕಟ್ಟಿ ಇಟ್ಟರೆ ಅಷ್ಟರಲ್ಲಿ ವಾಪಸ್ ದಿನ ಮುಗಿದಿರಬಹುದು. ಪೂಜೆ ಶನಿವಾರವೇ ಇರಲಿ, ಪರೀಕ್ಷೆ ಮೊದಲೇ ಆಗಲಿ.

ಅಂಗಡಿಯೋ ಆನ್‌ಲೈನೋ, ಬಿಲ್ ಬೇಕು. ಮಾಡೆಲ್, ಎಷ್ಟು ಲೈನ್, ಎಷ್ಟು ಕೀ, ವಾರಂಟಿ ಎಷ್ಟು ತಿಂಗಳು, ಅದರಲ್ಲಿ ಶ್ರುತಿ ಮಾಡಿಕೊಡುವುದು ಸೇರಿದೆಯಾ ಎಲ್ಲ ಅದರಲ್ಲಿ ಬರೆಸಿ. ಬಾಯಿಮಾತು ಸಾಲದು. ಮೋಸ ಹೋದದ್ದು ಅಂತ ಗೊತ್ತಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಮಾರಿದವರು ಯಾವ ಊರಲ್ಲೇ ಇರಲಿ, ಖರೀದಿ ಮಾಡಿದವರು ತಾವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ದೆಹಲಿಗೆ ಹೋಗಬೇಕೆಂದಿಲ್ಲ.

ವಾದ್ಯ ಮಾರುವ ನಮ್ಮ ಅಂಗಡಿಯವರಿಗೂ ಒಂದು ಮಾತು. ಹಾರ್ಮೋನಿಯಂ ಗೋಡೆಗೆ ತಾಗಿಸಿ, ಸಿಮೆಂಟ್ ನೆಲದಲ್ಲಿ ಇಟ್ಟರೆ ಮಾರಾಟ ಆಗುವ ಮೊದಲೇ ಅದು ಮಳೆಗಾಲ ಕುಡಿದು ಕೂತಿರುತ್ತದೆ. ಎತ್ತರದಲ್ಲಿಡಿ, ವಾರಕ್ಕೊಮ್ಮೆ ಗಾಳಿ ಹಾಕಿ ಎಲ್ಲ ಕೀ ಒತ್ತಿ. ಗಿರಾಕಿ ಬಂದು "ಸ್ಟಾಪರ್ ಬಂದ್ ಮಾಡಿ ನೋಡ್ತೇನೆ" ಅಂದರೆ ಬೇಸರ ಮಾಡಬೇಡಿ. ಪರೀಕ್ಷೆ ಮಾಡಿ ತೆಗೊಂಡವರು ಪುನಃ ತಬಲಾಕ್ಕೋ ತಾಳಕ್ಕೋ ನಿಮ್ಮಲ್ಲಿಗೇ ಬರುತ್ತಾರೆ.

ತಂದ ಮೇಲೆ

ಒಳ್ಳೆಯ ಪೆಟ್ಟಿಗೆ ತಂದೂ ಒಂದೇ ವರ್ಷದಲ್ಲಿ ಹಾಳು ಮಾಡುವುದು ಸುಲಭ. ಭಜನೆ ಮುಗಿದ ಮೇಲೆ ಪಂಚಕಜ್ಜಾಯ ಹಂಚುತ್ತಾರೆ, ತಿಂದ ಕೈಯಲ್ಲೇ ಮಕ್ಕಳು ಬಂದು ಪೆಂ ಪೆಂ ಅಂತ ಒತ್ತುತ್ತಾರೆ. ಬೆಲ್ಲ ಕೀ ಎಡೆಗೆ ಇಳಿಯುತ್ತದೆ, ಬೆಲ್ಲಕ್ಕೆ ಇರುವೆ ಬರುತ್ತದೆ, ಜಿರಳೆ ಬರುತ್ತದೆ, ಅದು ಒಳಗಿನ ಫೆಲ್ಟ್ ಬಟ್ಟೆ ತಿನ್ನುತ್ತದೆ. ಮಂಗಳಾರತಿ ತಟ್ಟೆ, ಎಣ್ಣೆ ದೀಪ ಪೆಟ್ಟಿಗೆ ಮೇಲೆ ಇಡುವ ಜಾಗ ಅಲ್ಲ. ನುಡಿಸಿ ಆದ ಕೂಡಲೇ ಸ್ಟಾಪರ್ ಎಲ್ಲ ಬಂದ್ ಮಾಡಿ, ತಿದಿಯ ಕೊಕ್ಕೆ ಹಾಕಿ, ಮುಚ್ಚಿ, ಮಣೆಯ ಮೇಲೋ ಬೆಂಚಿನ ಮೇಲೋ ಇಡಿ. ನೆಲ, ಗೋಡೆ ಎರಡೂ ಬೇಡ, ಗೆದ್ದಲಿಗೆ ಅಷ್ಟು ಸಾಕು. ಮಳೆಗಾಲದಲ್ಲಿ ಪೆಟ್ಟಿಗೆ ಇಡುವ ಬಾಕ್ಸಿಗೆ ಸಿಲಿಕಾ ಜೆಲ್ ಹಾಕಿದರೆ ತೇವ ಎಳೆದುಕೊಳ್ಳುತ್ತದೆ, ಆಮೇಲೆ ಬಿಸಿ ಮಾಡಿ ಒಣಗಿಸಿ ಪುನಃ ಹಾಕಬಹುದು. ಕೀ ಅಂಟಿದರೆ ತೆಂಗಿನೆಣ್ಣೆ ಬಿಡುವವರು ಇದ್ದಾರೆ, ಖಂಡಿತ ಮಾಡಬೇಡಿ. ಮರ ಇನ್ನೂ ಉಬ್ಬಿ, ಧೂಳು ಸೇರಿ ಗಟ್ಟಿ ಅಂಟಾಗುತ್ತದೆ.

ಇನ್ನು ಮೀಟಿಂಗ್‌ನಲ್ಲಿ "ಆಗ್ಲಿಕ್ಕಿಲ್ಲ" ಅಂತ ತೀರ್ಮಾನ ಆದ ಆ ಹಳೇ ಪೆಟ್ಟಿಗೆ. ಅದನ್ನು ಗುಜರಿಗೆ ಹಾಕುವ ಮೊದಲು ಅದಕ್ಕೂ ಈ ಪರೀಕ್ಷೆ ಒಮ್ಮೆ ಮಾಡಿ ನೋಡಿ. ಮರ ಗಟ್ಟಿ ಉಂಟು, ಹೆಚ್ಚಿನ ರೀಡ್ ಸರಿಯಾಗಿ ಕೂಗುತ್ತವೆ, ತಿದಿ ಮಾತ್ರ ಸೋರುತ್ತದೆ ಅಂತಾದರೆ ತಿದಿಯ ಬಟ್ಟೆ, ಚರ್ಮ ಬದಲಿಸಿ ಒಮ್ಮೆ ಶ್ರುತಿ ಮಾಡಿಸಿದರೆ ಹೊಸತಕ್ಕಿಂತ ಚೆನ್ನಾಗಿ ನುಡಿಯಬಹುದು. ಯಾರ ಹತ್ತಿರ ರಿಪೇರಿ ಮಾಡಿಸುವುದು ಅಂತ ನಿಮ್ಮ ಊರಿನ ಹಳೇ ಹಾರ್ಮೋನಿಯಂ ವಾದಕರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ರೀಡ್ ಕೆರೆಯುವ ಕೆಲಸ ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಹೆಚ್ಚು ಕೆರೆದರೆ ನಾಲಗೆ ತುಂಡಾಗುತ್ತದೆ. ಒಂದೇ ಒಂದು ರೀಡ್ ಮೂಕ ಆಗಿದ್ದರೆ ಎಷ್ಟೋ ಸಲ ಕಾರಣ ಬರೀ ಒಂದು ಕಣ ಧೂಳು. ಹಲಗೆ ಎತ್ತಿ, ತೆಳು ಕಾಗದದ ತುಂಡನ್ನು ನಾಲಗೆಯ ಅಡಿಗೆ ಮೆಲ್ಲಗೆ ತೂರಿಸಿ ಎಳೆದು, ಒಮ್ಮೆ ಊದಿ ನೋಡಿ.